ಚೆಂಡಾಡಿ ಸಂಬಳ ತಂದವರು

ಎಸ್ಟೇಟಿನಲ್ಲಿ ರೈಟರ್ ಕೆಲಸವೆಂದು ಹೇಳಿ ನನ್ನನ್ನು ಅವರಿಗೆ ಮದುವೆ ಮಾಡಿಕೊಟ್ಟರು. ಕೊಡಗು ಇನ್ನೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ರಾಗಿ ಬೆಳೆಯುತ್ತಿದ್ದ ನಮ್ಮವರಿಗೆ ಲೆಕ್ಕ ಬರೆಯುವ ಅಳಿಯ ಸಿಕ್ಕಿದನೆಂದು ಎಲ್ಲಿಲ್ಲದ ಹೆಮ್ಮೆ. ಮಾದಾಪುರದ ಹತ್ತಿರದ ತೋಟಕ್ಕೆ ಬಂದು ನೋಡಿದರೆ ಈ ಮಹಾರಾಯರು ಪೆನ್ನು ಮುಟ್ಟುವುದೇ ಇಲ್ಲ. ಬೆಳಿಗ್ಗೆ ರೊಟ್ಟಿ ತಿಂದು, ಚಡ್ಡಿ ಹಾಕಿಕೊಂಡು ಮೈದಾನಕ್ಕೆ ಹೊರಡುತ್ತಾರೆ.

"ಏನ್ರೀ ಇದು? ಬರೆಯಕ್ಕೆ ಯಾವಾಗ ಹೋಗದು?" ಎಂದೆ.

"ಬರೆಯಕ್ಕೆ ಬೇರೆಯೋರು ಅವ್ರೆ ಕಣೆ. ನನ್ನ ಇಟ್ಕಂಡಿರದು ಫುಟ್‌ಬಾಲ್ ಆಡಕ್ಕೆ" ಎಂದು ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ಎಸ್ಟೇಟು ಎಸ್ಟೇಟುಗಳ ನಡುವೆ ಪಂದ್ಯ. ಗೆಲ್ಲುವ ಹುಚ್ಚು ತೋಟದ ದೊರೆಗಳಿಗೆ. ಚೆನ್ನಾಗಿ ಆಡುವವರನ್ನು ಎಲ್ಲೆಲ್ಲಿಂದಲೋ ಕರೆತಂದು, ಹೆಸರಿಗೊಂದು ಹುದ್ದೆ, ಇರಲೊಂದು ಮನೆ ಕೊಡುತ್ತಿದ್ದರು. ಆಟ ನಿಂತರೆ ಮನೆಯನ್ನೂ ಬಿಡಬೇಕು. ಅವರು ಕುಂಟುತ್ತ ಬಂದ ದಿನವೆಲ್ಲ ಬೈದುಕೊಂಡೇ ಎಣ್ಣೆ ಬಿಸಿ ಮಾಡುತ್ತಿದ್ದೆ.

ಆದರೂ ಪಂದ್ಯವಿದ್ದರೆ ಹೋಗಿ ಮೈದಾನದ ಅಂಚಿನಲ್ಲಿ ಕೂರುತ್ತಿದ್ದೆ. ಮಂಜು ಇಳಿದರೆ ಆಟಗಾರರು ಒಬ್ಬೊಬ್ಬರಾಗಿ ಕರಗಿಹೋಗುವರು. ಎಲ್ಲೋ ಚೆಂಡಿನ ಸದ್ದು, ಯಾರದೋ ಕೂಗು, ಆಮೇಲೆ ಏನೂ ಇಲ್ಲ. ಇದ್ದಕ್ಕಿದ್ದಂತೆ ಬರಿಗಾಲಲ್ಲಿ ಚೆಂಡು ಉರುಳಿಸಿಕೊಂಡು ಅವರು ನನ್ನೆದುರಿಗೇ ಮೂಡಿಬಂದು, ನಾನು ನೋಡುತ್ತಿರುವಂತೆಯೇ ಮತ್ತೆ ಮಂಜಿನೊಳಗೆ ಹೋಗಿಬಿಡುತ್ತಿದ್ದರು. ಆ ಗಳಿಗೆಯಲ್ಲಿ ಅವರ ಮುಖ ಮನೆಯಲ್ಲಿ ನಾನು ಎಂದೂ ಕಾಣದ ಮುಖ. ಕಾಫಿ ಹೂವಿನ ವಾಸನೆಗೆ ತಲೆ ತೇಲಿದಂತಾಗಿ, ಅವರು ಇನ್ನೊಮ್ಮೆ ಬರಲೆಂದು ಕಾಯುತ್ತಿದ್ದೆ. ಆ ಮನುಷ್ಯನ ಮೇಲೆ ನನಗೆ ತುಂಬಾ ಆಸೆಯಿತ್ತು. ಹೇಳಲು ನಾಚಿಕೆ.

ಕೊನೆಗೆ ಒಂದು ಪಂದ್ಯದಲ್ಲಿ ಮಂಡಿ ತಿರುಚಿ ಬಿದ್ದರು. ಪಟ್ಟು ಹಾಕಿದ್ದಾಯಿತು, ಕಟ್ಟು ಕಟ್ಟಿದ್ದಾಯಿತು. ಊತ ಇಳಿದು ನಡೆಯುವಂತಾದರು, ಆದರೆ ಓಡಲು ಆಗಲಿಲ್ಲ. ಒಂದು ಸಂಜೆ ದೊರೆಯೇ ಬಾಗಿಲಿಗೆ ಬಂದ. ಯಾಕೆಂದು ನನಗೆ ಗೊತ್ತಾಯಿತು. ಇವರು ತಲೆ ತಗ್ಗಿಸಿ ನಿಂತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದೆ.

"ದೊರೆ, ರೈಟರ್ ಅಂತ ತಾನೆ ಇವ್ರನ್ನ ಕರ್ಕಂಡ್ ಬಂದಿದ್ದು? ಓದು ಬರಹ ಬತ್ತದೆ. ರೈಟರ್ ಕೆಲ್ಸನೇ ಕೊಡಿ, ಮಾಡ್ತಾರೆ."

ದೊರೆ ನನ್ನನ್ನು ಒಂದು ಸಲ, ಇವರ ಮಂಡಿಯನ್ನು ಒಂದು ಸಲ ನೋಡಿ ನಕ್ಕುಬಿಟ್ಟ. ಕಾಫಿ ಹಣ್ಣಿನ ಪಿಕಿಂಗ್ ಶುರುವಾಗುತ್ತಿದ್ದ ಹಾಗೆ ಇವರನ್ನು ಆಳುಗಳ ಹಾಜರಿ ಬರೆಯಲು ಹಾಕಿದ. ಮನೆ ಉಳಿಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪನಿಗೂ ಹೇಳಿ ಕಳಿಸಿದೆ. ಇವರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಹೋಗುತ್ತಿದ್ದರು, ಬರುತ್ತಿದ್ದರು. ಮಾತು ಮಾತ್ರ ಕಡಿಮೆಯಾಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದ್ದರು. ಆಟದಲ್ಲಿ ಇವರ ಜಾಗಕ್ಕೆ ಹೊಸಬನೊಬ್ಬ ಬಂದಿದ್ದ. ಮೈದಾನದ ಕಡೆಯಿಂದ ಚೆಂಡಿನ ಸದ್ದು ಕೇಳುತ್ತಿತ್ತು. ಅಲ್ಲಿ ಸದ್ದಾದಾಗಲೆಲ್ಲ ಇಲ್ಲಿ ಕಂಬಳಿಯೊಳಗೆ ಇವರ ಕಾಲು ಮಿಸುಕುತ್ತಿತ್ತು. ಒಳ್ಳೆಯ ಕಾಲಲ್ಲ, ಆ ನೋವಿನ ಕಾಲೇ. ನಿದ್ದೆಯಲ್ಲಿ ಮುಖ ಅರಳಿತ್ತು. ಮಂಜಿನಿಂದ ಬರುತ್ತಿದ್ದವರ ಮುಖ ಅದು.

ನನಗೆ ಅಳು ಬಂತು. ಕಿಟಕಿ ಮುಚ್ಚೋಣವೆಂದು ಎದ್ದೆ. ಮುಚ್ಚಿದರೆ ಇವರ ಆಟ ನಿಂತುಹೋಗುತ್ತದಲ್ಲ ಎನ್ನಿಸಿ ಹಾಗೇ ಕೂತೆ.