ಕನಕಕ್ಕನ ಕೀಲಿಮಣೆ

ಕನಕಕ್ಕ, ಕಂಪ್ಯೂಟರ್ ನಿಮ್ಮ ತಲೆಗೆ ಹತ್ತಲಿಲ್ಲ ಅನ್ನುವುದು ಸುಳ್ಳು. ಹತ್ತದ ಹಾಗೆ ಮಾಡಿದವಳು ನಾನು. ಹನ್ನೆರಡು ವರ್ಷದಿಂದ ಈ ಮಾತನ್ನು ಯಾರಿಗೂ ಹೇಳಿಲ್ಲ — ಇವತ್ತು ಬರೆದೇ ಏಳಬೇಕೆಂದು ಕೂತಿದ್ದೇನೆ.

ಶಿವಾಜಿನಗರ ಬಸ್ ನಿಲ್ದಾಣದ ಹಿಂದಿದ್ದ ಆ ವಕೀಲರ ಆಫೀಸನ್ನು ನೀವು ಮರೆತಿರಲಾರಿರಿ. ರಾಯಚೂರಿನಿಂದ ಬಂದು ಕೆ.ಆರ್. ಪುರದಲ್ಲಿ ಒಂದು ಕೋಣೆ ಹಿಡಿದಿದ್ದ ನನ್ನನ್ನು ಅಲ್ಲಿಗೆ ಸೇರಿಸಿದವರೇ ನೀವು. ಹಲಸೂರಿನ ನಿಮ್ಮ ಮನೆಯಲ್ಲಿ ಎಲ್ಲರದೂ ತಮಿಳು. ಟೈಪಿಂಗ್ ಕಲಿಯುತ್ತಾ ಕಲಿಯುತ್ತಾ ನಿಮಗೆ ಕನ್ನಡ ಬಂತಂತೆ. ಮನೆಯಲ್ಲಿ ತಮಿಳು, ಬೆರಳಲ್ಲಿ ಕನ್ನಡ ಎಂದು ನೀವೇ ನಗುತ್ತಿದ್ದಿರಿ. ವಕೀಲರು ಹೇಳುತ್ತಾ ಹೋದರೆ ನೀವು ಕಿಟಕಿಯಾಚೆ ನೋಡುತ್ತಲೇ ಅರ್ಜಿ ಟೈಪ್ ಮಾಡಿ ಮುಗಿಸುತ್ತಿದ್ದಿರಿ, ಅವರು ಮರೆತ ಒಕ್ಕಣೆಯನ್ನೂ ಸೇರಿಸಿ. ನನಗೋ, ಟೈಪ್‌ರೈಟರ್ ಮುಂದೆ ಕೂರಿಸಿಕೊಂಡು ನೀವೇ ಕಲಿಸಿದರೂ, ಕೀಲಿ ನೋಡದೆ ಒಂದು ಸಾಲೂ ನೆಟ್ಟಗೆ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚು ಇತ್ತು ಅಕ್ಕ, ಯಾಕೆ ಮುಚ್ಚಿಡಲಿ.

ಆಮೇಲೆ ಕಂಪ್ಯೂಟರ್ ಬಂತು. ಒಂದು ತಿಂಗಳು ನೋಡುತ್ತೇನೆ, ಇಬ್ಬರಲ್ಲಿ ಯಾರು ಚೆನ್ನಾಗಿ ನಡೆಸುತ್ತಾರೋ ಅವರು ಇರಲಿ ಎಂದರು ವಕೀಲರು. ಇಂದಿರಾನಗರದಲ್ಲಿ ನಾನು ಮೂರು ತಿಂಗಳ ಕೋರ್ಸ್ ಮಾಡಿದ್ದೆ; ಹಾಗಾಗಿ ನಿಮಗೆ ಕಲಿಸುವ ಕೆಲಸವೂ ನನಗೇ ಬಂತು. ದೇವರ ಮನೆಗೆ ಬರುವವರ ಹಾಗೆ ನೀವು ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಗೆ ಬರುತ್ತಿದ್ದಿರಿ. ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರಗಳು. ಕೆ ಒತ್ತಿದರೆ ಕ ಬರುತ್ತದೆ, ಎಂ ಒತ್ತಿದರೆ ಮ — ಹೀಗೆ ಹೇಳಿಕೊಟ್ಟೆ. ಕಿಟಕಿಯಾಚೆ ನೋಡುತ್ತಾ ಟೈಪ್ ಮಾಡುತ್ತಿದ್ದವರು ಒಂದೇ ಬೆರಳಲ್ಲಿ ಅಕ್ಷರ ಹುಡುಕತೊಡಗಿದಿರಿ. ಬೆರಳು ಅಭ್ಯಾಸಬಲದಿಂದ ಹಳೆಯ ಜಾಗಕ್ಕೇ ಹೋಗುತ್ತಿತ್ತು, ಪರದೆಯ ಮೇಲೆ ಇನ್ನೇನೋ ಮೂಡುತ್ತಿತ್ತು.

ಎರಡನೆಯ ವಾರ ನೀವು ಊಟಕ್ಕೆ ಎದ್ದಾಗ, ಆ ಕನ್ನಡ ತಂತ್ರಾಂಶದ ಪಟ್ಟಿಯೊಂದರಲ್ಲಿ ಟೈಪ್‌ರೈಟರ್ ಕೀಲಿಮಣೆ ಎಂಬುದು ನನ್ನ ಕಣ್ಣಿಗೆ ಬಿತ್ತು. ಆರಿಸಿ ಒಂದು ಸಾಲು ಹೊಡೆದೆ. ಒಂದೊಂದು ಅಕ್ಷರವೂ ನಮ್ಮ ಹಳೆಯ ಮಿಷಿನ್ನಿನ ಜಾಗದಲ್ಲೇ ಇತ್ತು. ನೀವು ಕೂತಿದ್ದರೆ ಆ ಮಧ್ಯಾಹ್ನವೇ ನನ್ನನ್ನು ಎಲ್ಲಿಯೋ ಹಿಂದೆ ಹಾಕುತ್ತಿದ್ದಿರಿ. ಅಷ್ಟರಲ್ಲಿ ಬಾಗಿಲ ಬಳಿ ನೀವು ಚಪ್ಪಲಿ ಕಳಚುವ ಸದ್ದು... ಮೊದಲಿದ್ದ ಹಾಗೇ ಮಾಡಿಟ್ಟು ಎದ್ದು ನಿಂತೆ.

ಒಳಗೆ ಬಂದವರೇ ನೀವು ಕೇಳಿದಿರಿ. “ಇದ್ರಲ್ಲಿ ನಮ್ಮ ಹಳೇ ಮಿಷಿನ್ ಥರಾ ಹೊಡೆಯೋಕೆ ಆಗಲ್ವಾ ಪುಷ್ಪಾ?”

“ಇಲ್ಲ ಅಕ್ಕ, ಆಗಲ್ಲ.”

ಅಷ್ಟೇ. ನೀವು ತಲೆಯಾಡಿಸಿ, ನನಗೆಂದು ಎತ್ತಿಟ್ಟಿದ್ದ ಪುಳಿಯೋಗರೆಯ ಡಬ್ಬಿಯನ್ನು ಮುಂದೆ ಇಟ್ಟಿರಿ. ನಾನು ಅದನ್ನು ತಿಂದೆ. ಥೂ, ನನ್ನ ಜನ್ಮಕ್ಕೆ — ಪೂರ್ತಿ ತಿಂದೆ.

ತಿಂಗಳು ಮುಗಿಯುವ ಮೊದಲೇ ನೀವಾಗಿ ವಕೀಲರ ಬಳಿ ಹೋಗಿ, ನನಗೆ ವಯಸ್ಸಾಯಿತು, ಪುಷ್ಪಾನೇ ಇರಲಿ ಎಂದಿರಿ. ನಿಮಗಾಗ ನಲವತ್ತೆಂಟು. ಹೊರಡುವ ದಿನ, ಟೈಪ್‌ರೈಟರಿಗೆಂದು ನೀವೇ ಹೊಲಿದಿದ್ದ ಹೂವಿನ ಬಟ್ಟೆಯ ಹೊದಿಕೆಯನ್ನು ಬಿಚ್ಚಿ ಕಂಪ್ಯೂಟರಿಗೆ ಹೊದಿಸಿದಿರಿ. ಧೂಳು ಕೂರದ ಹಾಗೆ ನೋಡಿಕೋ ಎಂದು ನನಗೆ ಹೇಳಿ ಹೋದಿರಿ.

ಹೋದ ಭಾನುವಾರ ಹಲಸೂರು ಮಾರ್ಕೆಟ್ಟಿನಲ್ಲಿ ಕಂಡ ನನ್ನನ್ನು ಕೈಹಿಡಿದು ಮನೆಗೆ ಎಳೆದುಕೊಂಡು ಹೋದಿರಲ್ಲ. ಮೊಬೈಲ್ ಬಡಿದುಕೊಂಡಾಗ ನೀವು ಅದನ್ನು ಮುಟ್ಟದೆ ಮೊಮ್ಮಗಳನ್ನು ಕೂಗಿದಿರಿ. ಕೋರ್ಟಿನ ಗುಮಾಸ್ತರನ್ನೇ ಗದರಿಸಿ ಕಳಿಸುತ್ತಿದ್ದ ನೀವು, ಒಂದು ಗುಂಡಿ ಒತ್ತಲು ಹೆದರಿ ಕೂತಿದ್ದಿರಿ. ಅಜ್ಜಿ ಎನ್ನದೆ ನಿಮ್ಮನ್ನು ತಮಿಳಿನಲ್ಲಿ ಪಾಟಿ ಎನ್ನುವ ಆ ಹುಡುಗಿ, ಪಾಟಿಗೆ ಏನೂ ಬರಲ್ಲ ಆಂಟಿ ಎಂದು ನಕ್ಕಳು. ನಿಮಗೆ ಸಿಟ್ಟಾದರೂ ಬರಬಾರದಿತ್ತೇ? ಬರಲಿಲ್ಲ. ನನ್ನ ಬೆನ್ನು ಸವರುತ್ತಾ ಅವಳಿಗೆ ಹೇಳಿದಿರಿ, “ಈ ಪುಷ್ಪಾ ಎಷ್ಟು ತಾಳ್ಮೆಯಿಂದ ಕಲಿಸಿದ್ಲು ಗೊತ್ತಾ? ನನ್ನ ತಲೆಗೇ ಹತ್ತಲಿಲ್ಲ.”

ಆಗಲೇ ಹೇಳಬೇಕಿತ್ತು ಅಕ್ಕ. ಕಾಫಿ ಲೋಟ ಹಿಡಿದಿದ್ದ ನಿಮ್ಮ ಬೆರಳುಗಳನ್ನು ನೋಡಿದೆ, ಸಂಧಿವಾತಕ್ಕೆ ಸೊಟ್ಟಗಾಗಿವೆ. ಇನ್ನು ನಾನು ಏನು ಒಪ್ಪಿಕೊಂಡರೂ ಅವು ಟೈಪ್ ಮಾಡಲಾರವು. ಕಾಫಿ ಕುಡಿದು, ಕುಂಕುಮ ಇಡಿಸಿಕೊಂಡು, ಕಳ್ಳಿಯ ಹಾಗೆ ಎದ್ದು ಬಂದೆ.

ನನ್ನ ಬಡತನ, ನನ್ನ ವಯಸ್ಸು, ಗುರುತು ಪರಿಚಯವಿಲ್ಲದ ಊರು — ನೆಪ ಬೇಕಾದಷ್ಟಿವೆ. ಒಂದನ್ನೂ ಬರೆಯುವುದಿಲ್ಲ. ಕೆಲಸ ಹೋದದ್ದಕ್ಕಿಂತ, ನೀವು ದಡ್ಡಿ ಎಂದು ನೀವೇ ನಂಬಿಬಿಟ್ಟಿರಲ್ಲ... ಅದನ್ನು ನಾನು ಯಾವ ಕೈಯಿಂದ ಸರಿಮಾಡಲಿ?

ಬರುವ ಭಾನುವಾರ ಇದನ್ನು ಹಿಡಿದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಗುಟ್ಟಾಗಿ ಕೈಗಿಡುವುದಿಲ್ಲ; ನಿಮ್ಮ ಮೊಮ್ಮಗಳನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತೇನೆ. ಪಾಟಿಗೆ ಏನೆಲ್ಲ ಬರುತ್ತಿತ್ತು ಎಂದು ಅವಳಿಗೆ ತಿಳಿಯಬೇಕು. ಆಮೇಲೆ ನೀವು ಬಾಗಿಲು ತೋರಿಸಿದರೆ ಎದ್ದು ಹೋಗುತ್ತೇನೆ. ಇಷ್ಟನ್ನೂ ಕಂಪ್ಯೂಟರಿನಲ್ಲೇ ಬರೆದಿದ್ದೇನೆ ಅಕ್ಕ, ನೀವು ಕಲಿಸಿದ ಆ ಹಳೆಯ ಮಿಷಿನ್ನಿನ ಕೀಲಿಗಳಲ್ಲೇ. ಆಗಲ್ಲ ಅಂದಿದ್ದೆನಲ್ಲ — ಆಗುತ್ತದೆ.