ಬೇಸ್ ನುಡಿಸುವವಳು ಪಿಯಾನೊ ಕೊಂಡದ್ದು

ಹೆಬ್ಬಾಳದ ಫ್ಲೈಓವರ್ ಮೇಲೆ ನಮ್ಮ ಆಟೊ ಸಿಕ್ಕಿಹಾಕಿಕೊಂಡು ಅರ್ಧ ಗಂಟೆಯಾಗಿತ್ತು. ಕಾಲ ಬಳಿ ಆಂಪ್ಲಿಫೈಯರ್, ನನ್ನ ಮತ್ತು ಗಂಡನ ತೊಡೆಗಳ ಮೇಲೆ ಅಡ್ಡಲಾಗಿ ನನ್ನ ಬೇಸ್ ಗಿಟಾರ್. 2013ರ ನವೆಂಬರ್ ತಿಂಗಳು. ಬ್ಯಾಟರಾಯನಪುರದ ಒಂದು ಶಾಲೆಯ ಮೈದಾನದಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿಕೊಂಡು ಸಂಜೆ ಬಾಗಲಗುಂಟೆಯ ಮನೆಗೆ ಹೊರಟಿದ್ದೆವು. ಅದು ನಮ್ಮ ತಂಡದ ಕೊನೆಯ ಕಾರ್ಯಕ್ರಮವಾಗಿತ್ತು. ಎಂಟು ಜನ ಹೆಂಗಸರ ಆರ್ಕೆಸ್ಟ್ರಾ ನಮ್ಮದು. ಹಾಡುವವರಿಗೆ ಮೊಮ್ಮಕ್ಕಳಾದವು, ಡ್ರಮ್ಸ್ ನುಡಿಸುವವಳಿಗೆ ಮಂಡಿ ನೋವು ಬಂತು, ಕಾರ್ಯಕ್ರಮ ಮಾಡಿಸುವವರಿಗೆ ಪೆನ್ ಡ್ರೈವಿನಲ್ಲಿರುವ ಸಂಗೀತವೇ ಸಾಕು ಅನ್ನಿಸತೊಡಗಿತು. ಇಪ್ಪತ್ತೆಂಟು ವರ್ಷ ಸೆರಗಿಗೆ ಪಿನ್ನು ಚುಚ್ಚಿ, ಅದರ ಮೇಲೆ ಗಿಟಾರಿನ ಪಟ್ಟಿ ಏರಿಸಿಕೊಂಡು ಗಣೇಶನ ಪೆಂಡಾಲುಗಳಲ್ಲೂ ಕಲ್ಯಾಣ ಮಂಟಪಗಳಲ್ಲೂ ನಿಂತವಳು ನಾನು. ಆ ಹೊತ್ತಿನಲ್ಲಿ ಯಾರಾದರೂ ಒಂದು ಒಳ್ಳೆಯ ಮಾತಾಡಲಿ ಅನ್ನಿಸಿತು.

"ಇವತ್ತು ನಾನು ಹೆಂಗ್ ನುಡಿಸ್ದೆ ರೀ?" ಎಂದು ಗಂಡನನ್ನು ಕೇಳಿದೆ.

ನನ್ನ ಗಂಡ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮದುವೆಯಾದಾಗಿನಿಂದ ನನ್ನ ಒಂದು ಕಾರ್ಯಕ್ರಮವನ್ನೂ ತಪ್ಪಿಸಿದವರಲ್ಲ. ಆಂಪ್ಲಿಫೈಯರ್ ಹೊರುವುದು, ವೈರು ಸುತ್ತುವುದು, ಕೊನೆಯವರೆಗೂ ಮುಂದಿನ ಸಾಲಿನಲ್ಲಿ ಕೂರುವುದು ಎಲ್ಲವೂ ಅವರದೇ. ಒಂದೇ ಕೊರತೆಯೆಂದರೆ ಸುಳ್ಳು ಹೇಳಲು ಬಾರದು.

"ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ," ಎಂದರು. "ಅಷ್ಟು ಜನ ನುಡಿಸೋದ್ರಲ್ಲಿ ನಿಂದು ಯಾವ್ದು ಅಂತ ನಂಗೆ ಯಾವತ್ತೂ ಕೇಳಿಸಿಲ್ಲ ಕಣೇ."

ನಾನು ಗಿಟಾರನ್ನು ಅವರ ತೊಡೆಯಿಂದ ನನ್ನ ಕಡೆಗೆ ಎಳೆದುಕೊಂಡೆ. ಇಪ್ಪತ್ತೆಂಟು ವರ್ಷ ಕೋಣನ ಮುಂದೆ ಕಿನ್ನರಿ ಬಾರಿಸಿದೆನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಆದರೆ ಉರಿಯ ಕೆಳಗೆ ನಿಜವಾದ ದುಃಖವೂ ಇತ್ತು. ಬೇರೆ ಯಾರಿಗೂ ಕೇಳಿಸದಿದ್ದರೂ ಇವರಿಗೆ ಕೇಳಿಸುತ್ತಿದೆ ಎಂದು ನಂಬಿಕೊಂಡೇ ಅಷ್ಟು ವರ್ಷ ನುಡಿಸಿದ್ದೆ.

ಅವರದೂ ತಪ್ಪಲ್ಲ. ಬೇಸ್ ಗಿಟಾರಿಗೆ ಇರುವುದು ನಾಲ್ಕೇ ದಪ್ಪ ತಂತಿ. ಹಾಡಿನ ತಳದಲ್ಲಿ ನಿಂತು, ಮೇಲೆ ಹಾಡುವವರನ್ನೂ ಕೀಬೋರ್ಡಿನವರನ್ನೂ ಹೊರುವುದು ಅದರ ಕೆಲಸ. ಗೃಹಪ್ರವೇಶಕ್ಕೆ ಬಂದವರು ಬಾಗಿಲನ್ನು ಹೊಗಳುತ್ತಾರೆ, ಟೈಲ್ಸನ್ನು ಹೊಗಳುತ್ತಾರೆ. ಪಾಯವನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಅವತ್ತು ಮನೆ ಸೇರಿ ಚಪ್ಪಲಿ ಬಿಡುವ ಮೊದಲೇ ತೀರ್ಮಾನ ಮಾಡಿಬಿಟ್ಟೆ. ಈ ಮನುಷ್ಯನಿಗೆ ಕೇಳಿಸುವಂಥ ವಾದ್ಯ ಕಲಿಯಬೇಕು. ಒಂದೇ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ನಾನೊಬ್ಬಳೇ ನುಡಿಸಬೇಕು, ಇವರು ಕೇಳಿ 'ಇದು ಇಂಥ ಹಾಡು' ಅನ್ನಬೇಕು. ಆಗ ನನಗೆ ಐವತ್ತೊಂದು ವರ್ಷ.

ಜನವರಿಯಲ್ಲಿ ಪಿಯಾನೊ ಪಾಠಕ್ಕೆ ಸೇರಿದೆ. ಕೆಲಸ ಮಾಡುತ್ತಿದ್ದ ಶಾಲೆಯ ಆಫೀಸಿನಿಂದ ಸಂಜೆ ನೇರವಾಗಿ ಯಶವಂತಪುರಕ್ಕೆ, ಹಿಟ್ಟಿನ ಗಿರಣಿಯೊಂದರ ಮೇಲಿನ ಮಹಡಿಗೆ. ಹೇಳಿಕೊಡುವ ಹುಡುಗಿಗೆ ಇಪ್ಪತ್ತೈದಿರಬಹುದು. ಮೊದಲ ದಿನವೇ ನನ್ನ ಎಡಗೈ ನೋಡಿ ಬೆರಗಾದಳು. ಅದು ಕೆಳಗಿನ ಸ್ವರಗಳನ್ನು ತಾನೇ ಹುಡುಕಿಕೊಂಡು ಹೋಗಿ ತಾಳ ತಪ್ಪದೆ ಒತ್ತುತ್ತಿತ್ತು. ನಾನು ಉಬ್ಬಿಹೋದೆ. ಆಮೇಲೆ ಬಲಗೈ ಇಡಲು ಹೇಳಿದಳು. ಬೇಸ್ ನುಡಿಸುವಾಗ ನನ್ನ ಬಲಗೈಯಲ್ಲಿ ತಂತಿ ಮೀಟುತ್ತಿದ್ದುದು ಎರಡೇ ಬೆರಳು. ಉಳಿದ ಮೂರಕ್ಕೂ ಇಪ್ಪತ್ತೆಂಟು ವರ್ಷ ರಜೆ.

"ಆಂಟಿ, ನಿಮ್ಮ ಎಡಗೈ ಅಜ್ಜಿ, ಬಲಗೈ ಎಲ್‌ಕೆಜಿ," ಎಂದು ಆ ಹುಡುಗಿ ನಕ್ಕಳು.

ಇನ್ನೊಂದು ನಾಚಿಕೆಗೇಡಿನ ಸಂಗತಿಯೂ ಅಲ್ಲೇ ಬಯಲಾಯಿತು. ನೂರಾರು ಹಾಡುಗಳಿಗೆ ಬೇಸ್ ನುಡಿಸಿದವಳಿಗೆ ಅವುಗಳಲ್ಲಿ ಒಂದರ ರಾಗವೂ ಪೂರ್ತಿ ಗೊತ್ತಿರಲಿಲ್ಲ! ನನಗೆ ಗೊತ್ತಿದ್ದುದೆಲ್ಲ ಅವುಗಳ ತಳ ಮಾತ್ರ. ಮೇಲೆ ಏನು ನಡೆಯುತ್ತಿದೆ ಎಂದು ಯಾವತ್ತೂ ತಲೆಯೆತ್ತಿ ನೋಡಿದವಳಲ್ಲ. ಕೊನೆಗೆ ಒಂದು ಹಾಡು ಆರಿಸಿಕೊಂಡೆ. ಮದುವೆಯಾದ ಹೊಸದರಲ್ಲಿ ಇವರ ಜೊತೆ ಟಾಕೀಸಿನಲ್ಲಿ ನೋಡಿದ ಸಿನಿಮಾದ್ದು, ಆಮೇಲೆ ನಮ್ಮ ತಂಡವೂ ಪ್ರತಿ ಸಲ ನುಡಿಸುತ್ತಿದ್ದದ್ದು. ಇವರು ಈಗಲೂ ಗಡ್ಡ ಹೆರೆಯುವಾಗ ಅದನ್ನೇ ಗುನುಗುತ್ತಾರೆ, ಶ್ರುತಿಯ ಹಂಗಿಲ್ಲದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಮನೆಯಲ್ಲೇ ಒಂದು ವಾದ್ಯ ಇಲ್ಲದೆ ಆಗುವುದಿಲ್ಲ ಎಂದಾಯಿತು. ಕೀಬೋರ್ಡ್ ಅಂಗಡಿಗೆ ಹೋಗುವ ಹಿಂದಿನ ದಿನ ಊಟ ಸೇರಲಿಲ್ಲ. ಸೀರೆ ಅಂಗಡಿಗಾಗಲಿ ಒಡವೆ ಅಂಗಡಿಗಾಗಲಿ ಹೋಗುವಾಗ ಹಾಗಾದದ್ದು ನೆನಪಿಲ್ಲ. ಒಳಗೆ ಕಾಲಿಟ್ಟರೆ ಸಾಲಾಗಿ ಕಪ್ಪು ಬಿಳಿ ಹಲ್ಲುಗಳು! ಯಾವುದನ್ನು ಮೊದಲು ಮುಟ್ಟಲಿ ಎಂದು ಕೈ ತುರಿಸುತ್ತಿತ್ತು. ಅಂಗಡಿಯ ಯಜಮಾನರು ವಯಸ್ಸಾದವರು, ಮಾತುಗಾರರು. ಮೊದಲು ಅರವತ್ತೊಂದು ಕೀಗಳ ಒಂದು ಕೀಬೋರ್ಡನ್ನು ಮುಂದಿಟ್ಟರು. ಅದರ ಮೈತುಂಬ ಗುಂಡಿಗಳು, ದೀಪಗಳು.

"ಇದ್ರಲ್ಲಿ ಎಲ್ಲಾ ಇದೆ ಮೇಡಂ. ತಬಲಾ, ಡ್ರಮ್ಸು, ಕೊಳಲು. ಎಡಗೈಲಿ ಒಂದ್ ಕೀ ಒತ್ತಿ ಸಾಕು, ಬೇಸ್ ತಾನಾಗೇ ನುಡಿಸ್ಕೊಳ್ಳುತ್ತೆ."

ನನಗೆ ಪಿತ್ತ ನೆತ್ತಿಗೇರಿತು. "ಬೇಸ್ ಅದೇ ನುಡಿಸ್ಕೊಂಡ್ರೆ ನಾನೇನ್ ಮಾಡ್ಲಿ, ಪಕ್ಕದಲ್ ಕೂತು ಕೋಸಂಬರಿಗೆ ಸೌತೇಕಾಯಿ ಹೆಚ್ಲಾ?"

ಅವರು ಬೆಪ್ಪಾದರು. ನಾನು ಬೇಸಿನವಳು ಎಂದು ನನ್ನ ಗಂಡ ಮೆಲ್ಲಗೆ ವಿವರಿಸಿದರು. ಆಮೇಲೆ ಎಪ್ಪತ್ತಾರು ಕೀಗಳದ್ದು ಬಂತು. ಅದರ ಎಡತುದಿಯ ಮೊದಲ ಕೀ ಒತ್ತಿದೆ, ಮೈ ಜುಂ ಎಂದಿತು. ನನ್ನ ಗಿಟಾರಿನ ಅತಿ ದಪ್ಪ ತಂತಿಯ ಸ್ವರ, ಒಂದು ಎಳೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನನ್ನ ಲೋಕ ಎಲ್ಲಿ ಶುರುವಾಗುತ್ತಿತ್ತೋ ಅದೂ ಅಲ್ಲಿಂದಲೇ ಶುರುವಾಗುತ್ತಿತ್ತು. ಇದೇ ಇರಲಿ ಎನ್ನಬೇಕೆಂದಿದ್ದೆ. ಆದರೆ ಅದರ ಕೀಗಳು ಪ್ಲಾಸ್ಟಿಕ್ ಚಮಚದಷ್ಟು ಹಗುರ, ಬೆರಳಿಟ್ಟರೆ ಸಾಕು ಕುಸಿಯುತ್ತಿದ್ದವು.

ಕೊನೆಗೆ ಮೂಲೆಯಲ್ಲಿದ್ದ ಎಂಬತ್ತೆಂಟು ಕೀಗಳ ಡಿಜಿಟಲ್ ಪಿಯಾನೊದ ಮುಸುಕು ತೆಗೆದರು. ದೀಪಗಳಿಲ್ಲ, ತಬಲಾ ಇಲ್ಲ. ಆದರೆ ಕೀ ಒತ್ತಿದರೆ ಅದೂ ತಿರುಗಿ ಬೆರಳನ್ನು ಒತ್ತುತ್ತಿತ್ತು. ಮೆಲ್ಲಗೆ ಒತ್ತಿದರೆ ಪಿಸುಮಾತು, ಜೋರಾಗಿ ಒತ್ತಿದರೆ ಜಗಳ. ದಪ್ಪ ತಂತಿ ಎಳೆದು ಗಟ್ಟಿಯಾದ ಕೈಗೆ ಹೀಗೆ ಎದುರಾಡುವ ವಾದ್ಯವೇ ಬೇಕಿತ್ತು. ನಾನು ಸ್ಟೂಲು ಎಳೆದುಕೊಂಡು ಕೂತೆ, ಕಾಲು ಗಂಟೆ ನುಡಿಸಿದೆ, ಪ್ರಪಂಚ ಮರೆತೆ.

"ಮೇಡಂ, ಸ್ವಲ್ಪ ಮಧ್ಯಕ್ಕೆ ಬನ್ನಿ," ಎಂದರು ಯಜಮಾನರು. "ಬಲಗಡೆ ಅರ್ಧ ಪಿಯಾನೊ ನೀವಿನ್ನೂ ಮುಟ್ಟೇ ಇಲ್ಲ."

ನೋಡಿದರೆ ನಿಜ. ಸ್ಟೂಲನ್ನು ಎಡತುದಿಗೆ ಹಾಕಿಕೊಂಡು ಕೂತಿದ್ದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಇಷ್ಟೆಲ್ಲ ಆಗುವಾಗ ನನ್ನ ಗಂಡ ಕೇಳಿದ್ದು ಒಂದೇ ಪ್ರಶ್ನೆ: "ಇದು ಎಷ್ಟು ಕೇಜಿ ಇದೆ?" ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ. ಹನ್ನೆರಡು ಎಂದ ಕೂಡಲೇ ಅವರ ಮುಖ ಅರಳಿತು, ಆಂಪ್ಲಿಫೈಯರಿಗಿಂತ ಹಗುರ. ಅದನ್ನೇ ಕೊಂಡೆವು.

ಬೆಳಗ್ಗೆ ಐದಕ್ಕೆದ್ದು ಅಭ್ಯಾಸ ಮಾಡುತ್ತಿದ್ದೆ. ಮೇಲಿನ ಮನೆಯವರಿಗೆ ತೊಂದರೆಯಾಗಬಾರದೆಂದು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೆ. ನನ್ನ ಕಿವಿಯೊಳಗೆ ದೊಡ್ಡ ಪಿಯಾನೊ ಮೊಳಗುತ್ತಿದ್ದರೆ ಹೊರಗೆ ಕೇಳುತ್ತಿದ್ದುದು ಕೀಗಳು ಬಡಿಯುವ ಸದ್ದು ಮಾತ್ರ.

ಒಂದು ದಿನ ಇವರು ಹಲ್ಲುಜ್ಜುತ್ತಾ ಬಂದು ಕೇಳಿದರು. "ಟೈಪಿಂಗ್ ಪರೀಕ್ಷೆಗೇನಾದ್ರೂ ಕಟ್ಟಿದ್ದೀಯೇನೇ? ಬರೀ ಟಕ ಟಕ ಅನ್ನುತ್ತೆ."

ಇವರಿಗೆ ಕೇಳಿಸಲೆಂದೇ ತಂದ ವಾದ್ಯವೂ ಇವರಿಗೆ ಕೇಳಿಸುತ್ತಿಲ್ಲ! ಆದರೂ ಹೆಡ್‌ಫೋನ್ ತೆಗೆಯಲು ಧೈರ್ಯವಾಗಲಿಲ್ಲ. ಬಲಗೈ ಇನ್ನೂ ತಡವರಿಸುತ್ತಿತ್ತು. ಅರ್ಧಂಬರ್ಧ ನುಡಿಸಿ, ಇದು ಯಾವ ಹಾಡು ಎಂದು ಇವರೇ ಕೇಳಿಬಿಟ್ಟರೆ ಇನ್ನೊಮ್ಮೆ ಕೂರುವ ಶಕ್ತಿ ನನ್ನಲ್ಲಿರಲಿಲ್ಲ. ಹಾಗೇ ಒಂದು ವರ್ಷ ಕಳೆಯಿತು. ಮಾರನೆಯ ವರ್ಷದ ನವರಾತ್ರಿಯ ಹೊತ್ತಿಗೆ ಎರಡೂ ಕೈ ಜೊತೆಯಾಗಿ ಹಾಡು ಕೊನೆ ಮುಟ್ಟಿತು. ಸತತವಾಗಿ ಮೂರು ಸಲ ತಪ್ಪಿಲ್ಲದೆ ಮುಟ್ಟಿದ ದಿನ ಅಡುಗೆಮನೆಗೆ ಹೋಗಿ ಒಬ್ಬಳೇ ಕುಣಿದೆ. ವಿಜಯದಶಮಿಯ ಬೆಳಗ್ಗೆ ಇವರ ಮುಂದೆ ನುಡಿಸುವುದೆಂದು ಗೊತ್ತುಮಾಡಿಕೊಂಡೆ.

ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ. ಫಿಟ್ಟರ್ ಮನೆಯಲ್ಲಿ ಅದು ಯುಗಾದಿಗಿಂತ ದೊಡ್ಡ ಹಬ್ಬ. ಸ್ಕೂಟರ್, ಸ್ಪ್ಯಾನರ್, ಮಿಕ್ಸಿ ಎಲ್ಲಕ್ಕೂ ಸ್ನಾನ, ಕುಂಕುಮ, ಹೂವು. ಪಿಯಾನೊಗೆ ಮಾತ್ರ ಮೂಲೆಯಲ್ಲಿ ಒಂದು ಬೊಟ್ಟು ಗಂಧ ಸಾಕು, ಕುಂಕುಮ ಬೇಡ ಎಂದು ಮೂರು ಸಲ ಹೇಳಿದ್ದೆ. ಕುಂಕುಮ ಹಾಕಲಿಲ್ಲ, ನಿಜ. ನಾನು ಮಂಗಳಾರತಿ ತಟ್ಟೆ ತರುವಷ್ಟರಲ್ಲಿ ಭಕ್ತಿಯಿಂದ ಒಂದು ಹಿಡಿ ಅಕ್ಷತೆಯನ್ನು ಕೀಗಳ ಮೇಲೆ ಚೆಲ್ಲಿದ್ದರು.

"ಅಯ್ಯೋ! ಅದ್ರೊಳಗೆ ಹೋದ್ರೆ ಏನ್ರೀ ಗತಿ?"

"ದೇವ್ರು ನೋಡ್ಕೋತಾನೆ ಬಿಡೇ."

ಕಂಡ ಕಾಳನ್ನೆಲ್ಲ ಆರಿಸಿದೆ. ಒತ್ತಿ ನೋಡುವಂತಿರಲಿಲ್ಲ. ಪೂಜೆಗಿಟ್ಟ ವಾದ್ಯವನ್ನು ಮಾರನೆಯ ದಿನದವರೆಗೂ ನುಡಿಸಬಾರದು ಎಂಬುದು ನಮ್ಮಲ್ಲಿ ಪದ್ಧತಿ.

ಬೆಳಗ್ಗೆ ಸ್ನಾನ ಮಾಡಿ ದೀಪ ಹಚ್ಚಿ, ಇವರನ್ನು ಕಾಫಿ ಲೋಟದ ಸಮೇತ ಕುರ್ಚಿಯಲ್ಲಿ ಕೂರಿಸಿದೆ. ಹೆಡ್‌ಫೋನಿನ ವೈರು ಕಿತ್ತೆ. ಸಾವಿರ ಜನರ ಮುಂದೆಯೂ ಅಷ್ಟು ಹೆದರಿದವಳಲ್ಲ. ಶುರುಮಾಡಿದೆ. ಮೊದಲ ಸಾಲಿನ ಅರ್ಧಕ್ಕೇ ಇವರು ಲೋಟ ಕೆಳಗಿಟ್ಟು, "ಲೇ, ನಮ್ ಹಾಡು!" ಎಂದು ಕೂಗಿದರು.

ಆ ಕೂಗಿಗಾಗಿ ಎರಡು ವರ್ಷ ಕಾದಿದ್ದೆ. ನನಗೆ ರೆಕ್ಕೆ ಬಂತು. ಆದರೆ ಸಾಲು ಮುಗಿದು ನೆಲೆಗೆ ನಿಲ್ಲುವ ಜಾಗದಲ್ಲಿ ಎಡಗೈ ಕೆಳಗಿನ ಸ್ವರಕ್ಕೆ ಇಳಿದರೆ ಆ ಕೀ ಅರ್ಧಕ್ಕೇ ಗಟ್ಟಿಯಾಗಿ ನಿಂತುಬಿಟ್ಟಿತು. ಸದ್ದೇ ಇಲ್ಲ. ಅಡಿಯಲ್ಲಿ ಅಕ್ಷತೆ ಕಾಳು ಸಿಕ್ಕಿಕೊಂಡಿದೆ ಎಂದು ಆ ಕ್ಷಣವೇ ಗೊತ್ತಾಯಿತು. ವೇದಿಕೆಯಲ್ಲಿ ಏನೇ ಆದರೂ ನಿಲ್ಲಿಸಬಾರದು ಎಂದು ಕಲಿತವಳು, ನಿಲ್ಲಿಸಲಿಲ್ಲ. ಪ್ರತಿ ಸಾಲಿನ ಕೊನೆಗೂ ಬೆರಳು ಅಲ್ಲಿಗೇ ಹೋಗಿ ಬರಿದೇ ಬಡಿದು ಬಂತು. ಬಲಗೈ ಮಾತ್ರ ಒಂದು ಸ್ವರವನ್ನೂ ಬಿಡದೆ ಹಾಡು ಮುಗಿಸಿತು.

ಇವರು ಚಪ್ಪಾಳೆ ತಟ್ಟಿದರು. ತಟ್ಟುತ್ತಲೇ ಹುಬ್ಬು ಗಂಟಿಕ್ಕಿದರು.

"ಹಾಡೆಲ್ಲಾ ಅದೇ ಕಣೇ, ಚೆನ್ನಾಗಿತ್ತು. ಆದ್ರೆ ಸಾಲು ಮುಗಿಯೋ ಕಡೆ ಏನೋ ಆಗುತ್ತೆ. ಮೆಟ್ಲಿದೆ ಅಂತ ಕಾಲಿಟ್ರೆ ಅಲ್ಲಿ ಮೆಟ್ಲೇ ಇಲ್ಲ. ನಿಮ್ ಆರ್ಕೆಸ್ಟ್ರಾದಲ್ಲಿ ಹಿಂಗಾಗ್ತಿರ್ಲಿಲ್ಲ."

ನಾನು ಆ ಸತ್ತ ಕೀಯನ್ನು ಇನ್ನೊಮ್ಮೆ ಒತ್ತಿ ತೋರಿಸಿದೆ. "ಆರ್ಕೆಸ್ಟ್ರಾದಲ್ಲಿ ಆ ಜಾಗದಲ್ಲಿ ನಾನಿದ್ದೆ ಕಣ್ರೀ."

ಇವರು ನನ್ನ ಎಡಗೈಯನ್ನೇ ನೋಡಿದರು. "ಹಂಗಾದ್ರೆ ನಂಗೆ ಕೇಳಿಸ್ತಾನೇ ಇತ್ತು," ಎಂದರು.

ನಾನು ಕಾಳು ತೆಗೆಯಲು ಸ್ಕ್ರೂಡ್ರೈವರ್ ತರಲೆಂದು ಎದ್ದರೆ ಕೈ ಹಿಡಿದು ಕೂರಿಸಿದರು. "ಅದಿರ್ಲಿ. ಹಂಗೇ ಇನ್ನೊಂದ್ ಸಲ ನುಡಿಸು."

ಮತ್ತೆ ನುಡಿಸಿದೆ. ಇವರು ಕಣ್ಣು ಮುಚ್ಚಿಕೊಂಡು, ಸದ್ದು ಬರಬೇಕಾದ ಜಾಗ ಬಂದಾಗಲೆಲ್ಲ ತೋರುಬೆರಳು ಎತ್ತುತ್ತಾ ಹೋದರು. ನನ್ನ ಕಣ್ಣು ಮಂಜಾಗಿ ಬಲಗೈ ಎಲ್ಲೆಲ್ಲೋ ತಪ್ಪಿತು. ಅವರ ಬೆರಳು ಒಂದು ಸಲವೂ ತಪ್ಪಲಿಲ್ಲ.