ಭವಾನಿ ಕೇಳಿದ ಭಾನುವಾರ

ಗಾಂಧಿ ಬಜಾರಿನ ನಮ್ಮ ಬಟ್ಟೆ ಅಂಗಡಿಯಲ್ಲಿ ಸೀರೆಗೆ ಹೊಂದುವ ಬ್ಲೌಸ್ ಪೀಸ್ ಹುಡುಕಿಕೊಡುವುದು ಭವಾನಿಯ ಕೆಲಸ. ವಯಸ್ಸು ಮೂವತ್ಮೂರು, ಮನೆ ಪಕ್ಕದೂರು ಭದ್ರಾವತಿಯ ನ್ಯೂ ಟೌನ್. ಹನ್ನೊಂದು ವರ್ಷದಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಹದಿನಾಲ್ಕು ಬಗೆಯ ಹಸಿರನ್ನು ಟ್ಯೂಬ್‌ಲೈಟಿನ ಕೆಳಗೇ ಬೇರ್ಪಡಿಸುವ ಕಣ್ಣು ಅವಳದು. ಆ ಕಣ್ಣು ಬಟ್ಟೆಯ ಮೇಲಷ್ಟೇ ಇದ್ದಿದ್ದರೆ ನಾನು ಸುಖವಾಗಿರುತ್ತಿದ್ದೆ.

ಕಳೆದ ವರ್ಷ ಅವಳಿಗೆ ವಕೀಲೆಯಾಗುವ ಆಸೆ ಹತ್ತಿತು. ಬಿ.ಎ. ಹೇಗೂ ಆಗಿತ್ತು. ಲಾ ಕಾಲೇಜಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಒಂದೊಂದು ವಾದ ಕೊಟ್ಟು, ತಪ್ಪೆಲ್ಲಿದೆ ಹೇಳು ಎನ್ನುತ್ತಾರಂತೆ. ಪುಸ್ತಕವನ್ನು ಬ್ಲೌಸ್ ಪೀಸಿನ ಕಟ್ಟುಗಳ ಹಿಂದೆ ಇಟ್ಟುಕೊಂಡು ಓದುತ್ತಿದ್ದಳು. ಅಭ್ಯಾಸಕ್ಕೆ ಮಾತ್ರ ನಮ್ಮನ್ನೇ ಆರಿಸಿಕೊಂಡಳು.

ಒಂದು ದಿನ ಸೀತಾಲಕ್ಷ್ಮಿ ಟೀಚರ್ ಬಂದು, “ನಮ್ಮತ್ತಿಗೆ ಇಲ್ಲಿ ತಗೊಂಡ ಸೀರೆ ಬಣ್ಣ ಬಿಡ್ತು ಕಣ್ರೀ. ನಿಮ್ಮಂಗಡಿ ಸೀರೆಗಳೇ ಹಂಗೆ” ಎಂದರು.

“ಮೇಡಂ, ನಿಮ್ಮ ಕ್ಲಾಸಲ್ಲಿ ಒಬ್ಬ ಫೇಲಾದ್ರೆ ಇಡೀ ಸ್ಕೂಲೇ ದಡ್ಡರದ್ದು ಅಂತೀರಾ?” ಎಂದಳು ಭವಾನಿ.

ನನಗೆ ಹುರುಪು ಬಂತು. “ನಮ್ಮದು ನಲವತ್ತು ವರ್ಷದ ಅಂಗಡಿ ಮೇಡಂ. ಬಣ್ಣ ಹೋಗೋ ಮಾತೇ ಇಲ್ಲ!”

“ಅಂಗಡಿ ಹಳೇದಾದ್ರೆ ಬಣ್ಣ ಹೆಂಗಣ್ಣ ಗಟ್ಟಿ ಆಗತ್ತೆ?” ಎಂದು ಭವಾನಿ ನನ್ನನ್ನೇ ಕೇಳಿದಳು.

ಗಿರಾಕಿಯ ಎದುರಿಗೇ! ಆಮೇಲೆ ಒಂದು ಸೀರೆಯ ಮೂಲೆ ಒದ್ದೆ ಮಾಡಿ, ಬಿಳಿ ಬಟ್ಟೆಗೆ ಉಜ್ಜಿ ತೋರಿಸಿದಳು. ಬಣ್ಣ ಅಂಟಲಿಲ್ಲ. ಟೀಚರ್ ಎರಡು ಸೀರೆ ಒಯ್ದರು. ಬೈಯಬೇಕೆಂದಿದ್ದ ನಾನು ಬಿಲ್ ಬರೆದೆ.

ಪರೀಕ್ಷೆ ಬಿದ್ದದ್ದು ಮದುವೆ ಸೀಸನ್ನಿನ ಭಾನುವಾರ. ಅವಳು ರಜೆ ಕೇಳಿದಳು.

“ಆಗಲ್ಲ ಮಾರಾಯ್ತಿ. ನೀನು ರಜಾ ಹಾಕಿದ ದಿನ ವ್ಯಾಪಾರ ಮಲಗತ್ತೆ. ನಿನ್ನ ಕೈಗುಣ ಅದು. ಬೇಕಾದ್ರೆ ಮಾರಪ್ಪನ್ನ ಕೇಳು.”

ಮಾರಪ್ಪ ನಮ್ಮ ಹಳೆಯ ಸೇಲ್ಸ್‌ಮನ್. “ಖರೆ, ಖರೆ” ಎಂದು ತಲೆಯಾಡಿಸಿದ.

“ಈ ಸಲ ತಪ್ಪಿದ್ರೆ ಇನ್ನೊಂದು ವರ್ಷ ಕಾಯ್ಬೇಕಣ್ಣ” ಎಂದಳು. ನಾನು ಸೀರೆ ಮಡಿಸುತ್ತಾ ನಿಂತೆ. ಅವಳು ಮಾರಪ್ಪನ ಕಡೆ ತಿರುಗಿದಳು. “ಮಾರಪ್ಪಣ್ಣ, ನಾನು ಯಾವ್ಯಾವಾಗ ರಜಾ ಹಾಕಿದ್ದೆ?”

“ಆಷಾಢದಲ್ಲಿ ನಾಕು ದಿನ. ಪಿತೃಪಕ್ಷದಲ್ಲಿ ಮೂರು. ಶೂನ್ಯಮಾಸದಲ್ಲಿ ಎರಡು.”

“ಆಗೆಲ್ಲ ಯಾಕಣ್ಣ ರಜಾ ಕೊಟ್ರಿ?” ಎಂದು ನನ್ನನ್ನು ಕೇಳಿದಳು.

“ಆಗ ಸೀರೆ ಯಾರು ತಗೋತಾರೆ? ವ್ಯಾಪಾರ ಇರಲ್ಲ, ಅದಕ್ಕೆ...” ಎಂದವನು ಅಲ್ಲಿಗೇ ನಿಂತೆ. ತಡವಾಗಿತ್ತು.

“ವ್ಯಾಪಾರ ಇಲ್ದಿರೋ ದಿನ ನೋಡಿ ರಜಾ ಕೊಡೋರು ನೀವು. ನಾನು ಬರ್ಲಿಲ್ಲ ಅಂತ ವ್ಯಾಪಾರ ಆಗ್ಲಿಲ್ಲ ಅನ್ನೋರೂ ನೀವೇ!”

ಮಾರಪ್ಪ ಬಟ್ಟೆಯ ರಾಶಿಯ ಹಿಂದೆ ಹೋಗಿ ಕೆಮ್ಮಿದ. ಅದು ಕೆಮ್ಮಲ್ಲ. ನಾನು ರಜೆ ಕೊಟ್ಟೆ.

ಆ ಭಾನುವಾರ ಮೂರು ಮದುವೆ ಮನೆಯವರು ಒಟ್ಟಿಗೇ ಬಂದರು. ಕಾಲಿಡಲು ಜಾಗವಿರಲಿಲ್ಲ. ಸೋಮವಾರ ಅವಳು ಒಳಗೆ ಬರುವುದನ್ನೇ ಕಾಯುತ್ತಿದ್ದೆ.

“ನೀನಿಲ್ಲ ಅಂತ್ಲೇ ನೋಡು, ಭರ್ಜರಿ ವ್ಯಾಪಾರ!”

“ಮತ್ತೆ ಅದೇ ತಪ್ಪಣ್ಣ” ಎಂದಳು, ಚಪ್ಪಲಿ ಬಿಡುತ್ತಾ.

ಮಧ್ಯಾಹ್ನದ ಹೊತ್ತಿಗೆ ಆರು ಹೆಂಗಸರು ಬ್ಲೌಸ್ ಪೀಸ್ ವಾಪಸ್ ತಂದರು. ಗಿಳಿ ಹಸಿರಿನ ಸೀರೆಗೆಲ್ಲ ಮಾರಪ್ಪ ಪಾಚಿ ಹಸಿರು ಕತ್ತರಿಸಿಕೊಟ್ಟಿದ್ದ. ಭವಾನಿ ಒಂದೊಂದಾಗಿ ಬದಲಿಸಿ ಕೊಟ್ಟಳು. “ಇದಕ್ಕೆ ಮಾತ್ರ ನಾನಿಲ್ದಿದ್ದೇ ಕಾರಣ” ಎಂದಳು.

ಸೀಟು ಸಿಕ್ಕಿತು. ಪೇಡೆ ತಂದುಕೊಟ್ಟ ದಿನ ನಾನು ಸುಮ್ಮನಿರಲಾರದೆ, “ನಮ್ಮಂಗಡೀಲಿ ಇದ್ದಿದ್ದಕ್ಕೇ ನಿಂಗೆ ಸೀಟು ಸಿಕ್ಕಿದ್ದು” ಎಂದು, ಈಗ ತಪ್ಪು ತೆಗೆಯುತ್ತಾಳೆಂದು ಕಾದೆ.

“ಇದೊಂದು ಸರಿ ಇದೆ ಬಿಡಿ. ದಿನಾ ಇಷ್ಟೊಂದು ತಪ್ಪು ವಾದ ನಂಗೆ ಇನ್ನೆಲ್ಲಿ ಸಿಗ್ತಿತ್ತಣ್ಣ?”